ಪಂಕಜಾಕ್ಷಿಯ ಅರ್ಜಿಗೆ ಷಣ್ಮುಖಪ್ಪನ ಒಪ್ಪಿಗೆ

ಬುಕ್ಕಾಂಬುಧಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಷಣ್ಮುಖಪ್ಪ ಕೆಟ್ಟವನಲ್ಲ. ಈ ಮಾತನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳು ಅವನ ಹೆಂಡತಿ ಪಂಕಜಾಕ್ಷಿಯೇ. ಕುಡಿಯುವವನಲ್ಲ, ಹೊಡೆಯುವವನಲ್ಲ, ಬೇರೆ ಹೆಂಗಸಿನ ಕಡೆ ಕಣ್ಣೆತ್ತಿ ನೋಡಿದವನಲ್ಲ. ಅವನಿಗಿದ್ದದ್ದು ಒಂದೇ ಅಭ್ಯಾಸ: ಅವ್ವನನ್ನು ಕೇಳದೆ ಏನನ್ನೂ ಮಾಡುತ್ತಿರಲಿಲ್ಲ. ಅವ್ವ ಕಾಶಮ್ಮ ೧೯೭೩ರಲ್ಲಿ ತೀರಿಕೊಂಡಳು. ಕೇಳುವುದು ಮಾತ್ರ ನಿಲ್ಲಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವನು ಅವ್ವನ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ. ಗಾಜಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಒದ್ದೆ ಕಣಗಿಲೆ ಹೂ ಅಂಟಿಸುವುದು, ಕೈಮುಗಿದು, "ಅವ್ವಾ, ಗಿರಣಿ ಬೆಲ್ಟ್ ಬದಲಾಯಿಸ್ಲಾ?" ಎಂದು ಕೇಳುವುದು. ಬಲಗಡೆಯ ಹೂ ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಮೊದಮೊದಲು ದೊಡ್ಡ ವಿಷಯಕ್ಕೆ ಮಾತ್ರ ಕೇಳುತ್ತಿದ್ದ. ಬರಬರುತ್ತಾ ಉಪ್ಪಿಟ್ಟೋ ರೊಟ್ಟಿಯೋ ಎಂಬುದಕ್ಕೂ ಕೇಳತೊಡಗಿದ. ಒಂದು ದಿನ ಯಾವ ಹೂವೂ ಬೀಳಲಿಲ್ಲ. ಹನ್ನೊಂದು ಗಂಟೆಯವರೆಗೆ ಗಂಡ ಹೆಂಡತಿ ಇಬ್ಬರೂ ಹಸಿದುಕೊಂಡು ಫೋಟೋ ನೋಡುತ್ತಾ ಕೂತಿದ್ದರು.

ಪಂಕಜಾಕ್ಷಿಯ ದವಡೆ ಊದಿಕೊಂಡಾಗ ಹಲ್ಲು ಕೀಳಿಸುವುದಕ್ಕೆ ಸೋಮವಾರ ಎಡಗಡೆ ಬಿತ್ತು, ಮಂಗಳವಾರವೂ ಎಡಗಡೆ. ಬುಧವಾರ ಕಾಶಮ್ಮ ಒಪ್ಪಿದಳು. ಅಷ್ಟರಲ್ಲಿ ಪಂಕಜಾಕ್ಷಿಗೆ ಬಾಯಿ ತೆರೆಯಲಾಗುತ್ತಿರಲಿಲ್ಲ.

ಅವರಿಗೆ ಮಕ್ಕಳಾಗಿರಲಿಲ್ಲ. ಬೇಸರ ಕಳೆಯಲೆಂದು ಅವಳು ಹೊಲಿಗೆ ಕಲಿತಳು. ತರೀಕೆರೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಅಮೀನಾಬಿ, "ನಿನ್ನ ಕೈ ಚೆನ್ನಾಗಿದೆ, ಪರೀಕ್ಷೆ ಕಟ್ಟು" ಎಂದಳು. ಪರೀಕ್ಷೆಗೆ ಹೂ ಎಡಗಡೆ ಬಿತ್ತು. ಅದು ೧೯೭೭ನೇ ಇಸವಿ. ಮಾರನೇ ಬೆಳಿಗ್ಗೆ ಪಂಕಜಾಕ್ಷಿ ಯಾರನ್ನೂ ಕೇಳದೆ ಎರಡು ಸೀರೆ, ಒಂದು ಕತ್ತರಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಪರೀಕ್ಷೆ ಪಾಸಾಯಿತು. ಅವಳು ಊರಿಗೆ ವಾಪಸ್ಸು ಹೋಗಲಿಲ್ಲ. ಅಮೀನಾಬಿ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಳು.

ವರ್ಷ ಕಳೆದ ಮೇಲೆ ಅಂಗಡಿಯಿಂದ ಗುಂಡಿ ಕಟ್ಟಿಸಿಕೊಂಡು ಬಂದ ಹಳೇ ಪೇಪರಿನ ತುಂಡಿನಲ್ಲಿ ಅವಳೊಂದು ಸುದ್ದಿ ಓದಿದಳು. ಕಾನೂನು ಬದಲಾಗಿದೆಯಂತೆ, ಗಂಡ ಹೆಂಡತಿ ಒಂದು ವರ್ಷ ಬೇರೆ ಇದ್ದು, ಇಬ್ಬರೂ ಒಪ್ಪಿದರೆ, ತಪ್ಪು ಯಾರದೆಂದು ಹೇಳದೆಯೇ ವಿಚ್ಛೇದನ ಸಿಗುತ್ತದಂತೆ. ತಪ್ಪು ಯಾರದೆಂದು ಹೇಳಬೇಕಿಲ್ಲ ಎನ್ನುವುದು ಅವಳಿಗೆ ಬಹಳ ಹಿಡಿಸಿತು.

ಅವಳು ಬುಕ್ಕಾಂಬುಧಿಗೆ ಹೋಗಿ ಗಂಡನಿಗೆ ವಿಷಯ ಹೇಳಿದಳು. ಷಣ್ಮುಖಪ್ಪ "ಕೇಳ್ತೀನಿ ಇರು" ಎಂದು ಹೂ ಅಂಟಿಸಿದ. ಅವನು ಕೈಮುಗಿಯುವ ಮೊದಲೇ ಬಲಗಡೆಯ ಹೂ ಬಿದ್ದುಬಿಟ್ಟಿತು.

"ಅವ್ವ ಹೂಂ ಅಂದ್ಲು ಕಣೇ" ಎಂದ, ಸಪ್ಪೆ ಮುಖ ಮಾಡಿ.

ಪಂಕಜಾಕ್ಷಿಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. ಏಳು ವರ್ಷ ಕಾಲೊತ್ತಿದ್ದಕ್ಕೆ ಅತ್ತೆ ಒಂದು ನಿಮಿಷವಾದರೂ ಯೋಚನೆ ಮಾಡಬಾರದಿತ್ತೇ?

ವಕೀಲರು ಸಿಗಲಿಲ್ಲ. ಮೊದಲನೆಯವರು ಹಿರಿಯರನ್ನು ಕರೆದುಕೊಂಡು ಬಾ, ರಾಜಿ ಮಾಡಿಸೋಣ ಎಂದರು. ಎರಡನೆಯವರು ಎದುರುಪಾರ್ಟಿ ಯಾರು ಎಂದು ಕೇಳಿದರು. ಎದುರುಪಾರ್ಟಿ ಇಲ್ಲ, ಇಬ್ಬರದೂ ಒಂದೇ ಪಾರ್ಟಿ ಎಂದಾಗ, "ಹಂಗಾದ್ರೆ ಜಗಳ ಆಡಿಕೊಂಡು ಬನ್ನಿ, ನೋಡೋಣ" ಎಂದುಬಿಟ್ಟರು.

ಕೊನೆಗೆ ಅವಳು ಹೋಗಿ ನಿಂತದ್ದು ತಾಲ್ಲೂಕು ಕಚೇರಿಯ ಹೊಂಗೆ ಮರದಡಿ ಕೂತು ಅರ್ಜಿ ಬರೆಯುತ್ತಿದ್ದ ಗೌಸ್ ಪೀರ್ ಮುಂದೆ.

"ಅಮ್ಮಾ, ಇಪ್ಪತ್ತು ವರ್ಷದಿಂದ ಖಾತೆ ಬದಲಾವಣೆ, ಪೋಡಿ, ಹಿಸ್ಸೆ ಎಲ್ಲಾ ಬರ್ದಿದೀನಿ. ಮದುವೆ ಬಿಡಿಸೋದು ಬರ್ದಿಲ್ಲ" ಎಂದ ಆತ.

"ಜಮೀನು ಪೋಡಿ ಮಾಡಿ ಭಾಗ ಮಾಡೋಕೆ ಹೆಂಗ್ ಬರೀತೀರೋ ಹಂಗೇ ಬರೀರಿ ಸಾಬ್ರೇ."

ಗೌಸ್ ಪೀರ್ ಪೆನ್ನಿಗೆ ಇಂಕು ತುಂಬಿ ಶ್ರದ್ಧೆಯಿಂದ ಬರೆದ: "ಸದರಿ ಮದುವೆಯು ೧೯೬೬ನೇ ಇಸವಿಯಿಂದ ಅರ್ಜಿದಾರರಿಬ್ಬರ ಜಂಟಿ ಅನುಭವದಲ್ಲಿದ್ದು, ಇತ್ತೀಚೆಗೆ ಸಾಗುವಳಿ ಇಲ್ಲದೆ ಬೀಳು ಬಿದ್ದಿರುತ್ತದೆ. ಇದರ ಚೆಕ್ಕುಬಂದಿ: ಪೂರ್ವಕ್ಕೆ ಗಿರಣಿ, ಪಶ್ಚಿಮಕ್ಕೆ ದನದ ಕೊಟ್ಟಿಗೆ, ಉತ್ತರಕ್ಕೆ ರಂಗಪ್ಪನ ಹಿತ್ತಲು, ದಕ್ಷಿಣಕ್ಕೆ ಮೃತ ಕಾಶಮ್ಮನವರ ಫೋಟೋ. ತಾವು ಸ್ಥಳ ತನಿಖೆ ಮಾಡಿ, ಹದ್ದುಬಸ್ತು ಗೊತ್ತುಪಡಿಸಿ, ಸದರಿ ಮದುವೆಯನ್ನು ಪೋಡಿ ಮಾಡಿಕೊಡಬೇಕಾಗಿ ಪ್ರಾರ್ಥನೆ."

ಪಂಕಜಾಕ್ಷಿಗೆ ಓದಿ ತೃಪ್ತಿಯಾಯಿತು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಕೋರ್ಟು ಇದ್ದದ್ದು ಚಿಕ್ಕಮಗಳೂರಿನಲ್ಲಿ. ಅವಳು ತರೀಕೆರೆಯಿಂದ ಬಸ್ಸಿನಲ್ಲಿ, ಅವನು ಅಜ್ಜಂಪುರದಿಂದ ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋದರು. ಕೋರ್ಟು ಕಚೇರಿಯ ಶಿರಸ್ತೇದಾರರು ಅರ್ಜಿಯನ್ನು ಎರಡು ಸಲ ಓದಿದರು. "ಇದಕ್ಕೆ ಸರ್ವೇಯರ್ ಕಳಿಸ್ಬೇಕೇನಮ್ಮಾ?" ಎಂದು ನಕ್ಕರು. ಆಮೇಲೆ ಒಳ್ಳೇ ಮನುಷ್ಯ, ಒಂದು ಹಾಳೆ ಕೊಟ್ಟು ಹೇಳಿದರು: ಮದುವೆ ಎಲ್ಲಿ ಯಾವಾಗ ಆಯ್ತು, ಯಾವತ್ತಿನಿಂದ ಬೇರೆ ಇದೀರಿ, ಮಕ್ಕಳಿದಾರೋ ಇಲ್ಲವೋ, ಒಟ್ಟಿಗೆ ಬಾಳೋಕೆ ಆಗ್ತಿಲ್ಲ, ಇಬ್ಬರೂ ಒಪ್ಪಿದೀವಿ. ಇಷ್ಟೇ ಬರೆದು ಇಬ್ಬರೂ ಸಹಿ ಹಾಕಿ. ಅವಳು ಬೆಂಚಿನ ಮೇಲೆ ಕೂತು ತಾನೇ ಬರೆದಳು. ಆರು ತಿಂಗಳು ಬಿಟ್ಟು ಇಬ್ಬರೂ ಬಂದು ಮತ್ತೆ ಹೇಳಬೇಕು ಎಂದಾಯಿತು.

ಆರು ತಿಂಗಳಾದ ಮೇಲೆ ಕಡೂರು ಬಸ್‌ಸ್ಟ್ಯಾಂಡಿಗೆ ಬಂದ ಷಣ್ಮುಖಪ್ಪನ ಕಂಕುಳಲ್ಲಿ ಒಂದು ಬಟ್ಟೆ ಚೀಲವಿತ್ತು. ಪಂಕಜಾಕ್ಷಿ ಅದೇನೆಂದು ಕೇಳಲಿಲ್ಲ.

ನ್ಯಾಯಾಧೀಶರು ವಯಸ್ಸಾದವರು. ಅವಳನ್ನು ಕೇಳಿ ಮುಗಿಸಿ ಅವನ ಕಡೆ ತಿರುಗಿದರು. "ಷಣ್ಮುಖಪ್ಪ, ಈ ಒಪ್ಪಿಗೆ ನೀವೇ ಸ್ವಂತ ಮನಸ್ಸಿನಿಂದ ಕೊಡ್ತಾ ಇರೋದಾ?"

"ಅವ್ವ ಒಪ್ಪಿದಾಳೆ ಸ್ವಾಮಿ."

"ಅದಿರಲಿ. ನೀವು?"

"ಅವ್ವ ಒಪ್ಪಿದ ಮೇಲೆ ನಂದೇನಿರುತ್ತೆ ಸ್ವಾಮಿ?"

"ಅವರು ಕೋರ್ಟಿಗೆ ಬಂದಿದಾರಾ?"

"ಬಂದಿದಾಳೆ" ಎಂದು ಷಣ್ಮುಖಪ್ಪ ಚೀಲದಿಂದ ಫೋಟೋ ತೆಗೆದು, ಪಂಚೆಯಲ್ಲಿ ಗಾಜು ಒರೆಸಿ, ನ್ಯಾಯಾಧೀಶರಿಗೆ ಕಾಣುವಂತೆ ಹಿಡಿದ.

ಯಾರೂ ನಗಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಕಾಶಮ್ಮನನ್ನು ಸ್ವಲ್ಪ ಹೊತ್ತು ನೋಡಿದರು. "ನಿಮ್ಮ ಪರವಾಗಿ ಇನ್ನೊಬ್ಬರು ಒಪ್ಪೋಕೆ ಬರಲ್ಲ ಕಣ್ರೀ. ಬದುಕಿರೋ ತಾಯಿಯೂ ಒಪ್ಪೋಕೆ ಬರಲ್ಲ. ಒಂದು ತಿಂಗಳು ಟೈಮ್ ಕೊಡ್ತೀನಿ. ನಿಮ್ಮ ಒಪ್ಪಿಗೆ ತಗೊಂಡು ಬನ್ನಿ."

ಕಡೂರಿನಲ್ಲಿ ಇಳಿದ ಮೇಲೆ ಪಂಕಜಾಕ್ಷಿ ತಡೆದಿದ್ದ ಸಿಟ್ಟನ್ನೆಲ್ಲ ಕಕ್ಕಿದಳು. "ರೀ, ನಿಮಗೆ ಏನು ಬೇಕು ಅಂತ ಒಂದು ಮಾತು ಹೇಳೋಕೆ ಏನಾಗಿತ್ರೀ?"

ಅವನು ಅವಳನ್ನೇ ನೋಡಿ, "ಏನು ಬೇಕು ಅಂತ ಹೆಂಗ್ ಗೊತ್ತಾಗುತ್ತೆ? ನಿಂಗೆ ಹೆಂಗ್ ಗೊತ್ತಾಗುತ್ತೆ?" ಎಂದ. ಅವನು ನಿಜವಾಗಿಯೂ ಕೇಳುತ್ತಿದ್ದ.

ಅವಳ ಸಿಟ್ಟು ಇಳಿದುಹೋಯಿತು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮನುಷ್ಯನಿಗೆ ಇದು ಗೊತ್ತಿಲ್ಲ ಎಂದು ಅವಳಿಗೂ ಗೊತ್ತಿರಲಿಲ್ಲ. ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸಿ, "ಇಡ್ಲಿನೋ ದೋಸೆನೋ ಹೇಳಿ" ಎಂದಳು. ಸಪ್ಲಯರ್ ಮೂರು ಸಲ ಬಂದುಹೋದ. ನಾಲ್ಕನೇ ಸಲ ಬಂದಾಗ ಷಣ್ಮುಖಪ್ಪ ಹಣೆಯ ಬೆವರು ಒರೆಸಿಕೊಂಡು "ದೋಸೆ" ಎಂದ. ಬಂದ ದೋಸೆಯನ್ನು ಪೂರ್ತಿ ತಿಂದ.

"ದಿನಕ್ಕೊಂದು, ಯಾರನ್ನೂ ಕೇಳದೆ ಮಾಡಿ. ಮಾಡಿದ್ದನ್ನ ನಂಗೆ ಬರೀರಿ" ಎಂದಳು ಪಂಕಜಾಕ್ಷಿ.

ಪೋಸ್ಟ್‌ಕಾರ್ಡುಗಳು ಬರತೊಡಗಿದವು. "ಕ್ಷೇಮ. ಗಿರಣಿ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದೆ. ನಾನೇ." "ಕ್ಷೇಮ. ರಂಗಪ್ಪ ಬೀಡಿ ಕೊಟ್ಟ, ಬೇಡ ಅಂದೆ." "ಕ್ಷೇಮ. ಹಸಿರು ಚೆನ್ನಾಗಿ ಕಾಣಲಿಲ್ಲ, ನೀಲಿ ಹೊಡೆಸಿದೆ." ಅಮೀನಾಬಿ ಒಂದೊಂದನ್ನೂ ಓದಿಸಿ ಕೇಳಿ, "ಇಂಥಾ ಕಾಗದ ಬರೆಯೋ ಗಂಡನ್ನ ಬಿಡ್ತಾ ಇದೀಯಲ್ಲೇ!" ಎಂದಳು.

"ಬಿಡ್ತಾ ಇರೋದಕ್ಕೇ ಬರೀತಾ ಇರೋದು ಅಕ್ಕ" ಎಂದಳು ಪಂಕಜಾಕ್ಷಿ. ಆದರೂ ಅಂಚೆಯವನು ಬರುವ ಹೊತ್ತಿಗೆ ಅವಳ ಮಿಷನ್ನು ತಾನಾಗಿ ನಿಂತಿರುತ್ತಿತ್ತು.

ತಿಂಗಳಾಯಿತು. ಈ ಸಲ ಅವನ ಕೈಯಲ್ಲಿ ಚೀಲವಿರಲಿಲ್ಲ. ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು.

"ಒಪ್ಪಿಗೆ ಇದೆ ಸ್ವಾಮಿ."

"ಯಾರದು?"

"ನಂದು!" ಎಂದ ಷಣ್ಮುಖಪ್ಪ. ಎಷ್ಟು ಜೋರಾಗಿ ಎಂದರೆ, ಹೊರಗೆ ಜಗಲಿಯಲ್ಲಿದ್ದ ಕಕ್ಷಿದಾರರು ಒಳಗೆ ಇಣುಕಿದರು. ಅಲ್ಲಿಗೆ ಮದುವೆ ಮುಗಿಯಿತು.

ಕಡೂರಿನಲ್ಲಿ ಬಸ್ಸಿಗೆ ಕಾಯುತ್ತಾ ಅವಳು ಕೇಳಿದಳು: "ಅತ್ತೆ ಏನಂದ್ರು?"

"ಬೆಳಿಗ್ಗೆ ಕೊನೇ ಸಲ ಅಂತ ಕೇಳ್ದೆ. ಎಡಗಡೆ ಬಿತ್ತು. ಬೇಡ ಅಂದ್ಲು."

"ಮತ್ತೆ?"

"ಇಲ್ಲ ಅವ್ವಾ, ಅವಳಿಗೆ ಬೇಕಾಗಿದೆ, ನಾನು ಕೊಡ್ತೀನಿ ಅಂದ್ಬಿಟ್ಟೆ."

ಮನೆ ಬಿಟ್ಟಾಗ, ಅರ್ಜಿ ಕೊಟ್ಟಾಗ, ಯಾವಾಗಲೂ ಅಳದಿದ್ದ ಪಂಕಜಾಕ್ಷಿ ಅಲ್ಲಿ, ಅಷ್ಟು ಜನರ ಮಧ್ಯೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟರಲ್ಲಿ ತರೀಕೆರೆ ಬಸ್ಸು ಬಂತು. ಅವನು ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕಿ ಅವಳಿಗೆ ಸೀಟು ಹಿಡಿದುಕೊಟ್ಟ.

ಆಮೇಲೆ ಅವಳು ತನ್ನದೇ ಹೊಲಿಗೆ ಶಾಲೆ ಮಾಡಿದಳು. ವರ್ಷಕ್ಕೆ ಹತ್ತು ಹನ್ನೆರಡು ಹುಡುಗಿಯರು ಕಲಿತು ಹೋಗುತ್ತಿದ್ದರು. ನೆಂಟರಿಗೆ ಮಾತ್ರ ಕೋರ್ಟಿನ ಕಾಗದ ಕೊನೆಯವರೆಗೂ ಅರ್ಥವಾಗಲಿಲ್ಲ. ೧೯೮೫ರಲ್ಲಿ ಅಜ್ಜಂಪುರದ ಒಂದು ಮದುವೆಗೆ ಇಬ್ಬರಿಗೂ ಸೇರಿ ಒಂದೇ ಲಗ್ನಪತ್ರಿಕೆ ಹೋಗಿತ್ತು. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಅವಳನ್ನು ಕೈಹಿಡಿದು ಕರೆತಂದು ಷಣ್ಮುಖಪ್ಪನ ಪಕ್ಕ ಕೂರಿಸಿದರು. ಬಿಡಿಸಿ ಹೇಳಲು ಹೋದರೆ ಅನ್ನ ಆರಿಹೋಗುತ್ತದೆಂದು ಇಬ್ಬರೂ ಸುಮ್ಮನಾದರು.

"ಶಾಲೆ ಹೆಂಗಿದೆ?" ಎಂದು ಅವನು ಕೇಳಿದ.

"ಮೇಲಿನ ಮಾಳಿಗೆಯನ್ನೂ ಬಾಡಿಗೆಗೆ ತಗೊಂಡಿದೀನಿ" ಎಂದಳು ಪಂಕಜಾಕ್ಷಿ, ಅನ್ನಕ್ಕೆ ಸಾರು ಕಲಸುತ್ತಾ.