ಹಾಡ್ಯಾಡಿ ಅಳುತ್ತಿದ್ದ ಚಿಗವ್ವ

ಚಿಗವ್ವ ದನಿ ಎತ್ತುವ ಮೊದಲು ಅವಳ ಕೊರಳಿನ ಎಡಭಾಗದಲ್ಲಿ ಒಂದು ನರ ಉಬ್ಬಿ ನಿಲ್ಲುತ್ತಿತ್ತು. ಆಮೇಲೆ ಸೆರಗು ಹಣೆಯವರೆಗೆ ಇಳಿಯುತ್ತಿತ್ತು, ಬಲಗೈ ನೆಲಕ್ಕೆ ಊರುತ್ತಿತ್ತು, ಅದಾದ ಮೇಲೆಯೇ ದನಿ. ಹೆಣದ ಸುತ್ತ ಕೂತ ಹೆಂಗಸರು ಆ ನರ ಕಂಡ ಕೂಡಲೇ ತಮ್ಮ ಅಳು ತಗ್ಗಿಸಿ ಅವಳಿಗೆ ದಾರಿ ಬಿಡುತ್ತಿದ್ದರು. ಸಣ್ಣವಳಿದ್ದಾಗ ನಾನು ಅವ್ವನ ತೊಡೆಗೆ ಅಂಟಿಕೊಂಡು ಅದನ್ನೇ ನೋಡುತ್ತ ಕೂಡುತ್ತಿದ್ದೆ. ಹೆಣದ ಕಡೆ ನೋಡಲು ನನಗೆ ಅಂಜಿಕೆ, ಚಿಗವ್ವನ ಕಡೆ ನೋಡಲು ಯಾವ ಅಂಜಿಕೆಯೂ ಇರಲಿಲ್ಲ.

ಚಿಗವ್ವ ಎಂದರೆ ಅವ್ವನ ಖಾಸಾ ತಂಗಿ. ನಾವು ನರಗುಂದದವರು, ಅವಳನ್ನು ಕೊಟ್ಟದ್ದು ಹತ್ತಿರದ ಯಾವಗಲ್ ಊರಿಗೆ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರನ್ನು 'ನೀ' ಎಂದು ಕರೆದು, ಅವರು ಬಾಳಿದ್ದನ್ನು ಬದುಕಿದ್ದನ್ನು ರಾಗದಲ್ಲಿ ಹೇಳಿ ಹೇಳಿ ಅಳುವುದು. ಇದು ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ, ಚಿಗವ್ವನ ಹಾಗೆ ಯಾರಿಗೂ ಬರುತ್ತಿರಲಿಲ್ಲ. ಸುದ್ದಿ ಬಂದರೆ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲಿಗೇ ಬಿಟ್ಟು, ಕೈಯ ಹಿಟ್ಟು ಒರೆಸಿಕೊಂಡು ಹೊರಡುತ್ತಿದ್ದಳು. ಆದರೆ ನೇರವಾಗಿ ಹೆಣದ ಹತ್ತಿರ ಹೋಗುವವಳಲ್ಲ. ಮೊದಲು ಬಾಜೂ ಮನೆಗೆ ಹೋಗಿ ಕೇಳುವುದು. ಏನು ಇಷ್ಟಪಟ್ಟು ಉಣ್ಣುತ್ತಿದ್ದ, ಯಾರ ಜೊತೆ ಮಾತು ಬಿಟ್ಟಿದ್ದ, ಹೆಂಡತಿಯನ್ನು ಏನೆಂದು ಕರೆಯುತ್ತಿದ್ದ, ಜೀವ ಹೋಗುವಾಗ ಮುಖ ಹೇಗಿತ್ತು. ಅದೆಲ್ಲ ಗೊತ್ತಾಗದ ಹೊರತು ಅವಳಿಗೆ ದನಿ ಏಳುತ್ತಿರಲಿಲ್ಲ.

"ಬರೇ ಬಾಯಿ ಬಡಕೊಂಡ್ರ ಸತ್ತಾವ್ಗ ಏನ್ ತಿಳೀತೈತಿ? ಏನ್ ಮಾಡಿದ್ದ ಅದನ್ನ ಹೇಳ್ರಿ. ಇಲ್ಲದ್ದು ಹೇಳಬ್ಯಾಡ್ರಿ, ಆಂವ ಕೇಳಾಕತ್ತಾನ," ಎಂದು ಎಳೆಯ ಸೊಸೆಯರಿಗೆ ಗದರುತ್ತಿದ್ದಳು.

ಇಲ್ಲದ್ದು ಹೇಳಬಾರದು ಎನ್ನುವುದನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಒಮ್ಮೆ ಓಣಿಯ ಜಿಪುಣ ಮುದುಕನೊಬ್ಬ ಸತ್ತಾಗ, "ಯಾರಿಗೂ ಒಂದು ಕಪ್ ಚಾ ಕುಡಿಸಲಿಲ್ಲೋ ನಮ್ಮಪ್ಪಾ, ಈಗ ನಿನ್ನ ಕಟ್ಟೀ ಮ್ಯಾಲ ಕುಂತು ಊರ ಮಂದಿ ಚಾ ಕುಡ್ಯಾಕತ್ತೈತಿ, ಎದ್ದು ಬೈಯೋ," ಎಂದು ಹಾಡಿದಳು. ಕಟ್ಟೆಯ ಮೇಲಿನ ಗಂಡಸರು ಚಾದ ಕಪ್ ಕೆಳಗಿಟ್ಟರು. ಮುದುಕನ ಹೆಂಡತಿ ಅಳುವುದರ ನಡುವೆ ನಕ್ಕುಬಿಟ್ಟಳು, ನಕ್ಕ ಮೇಲೆ ಮೊದಲಿಗಿಂತ ಜೋರಾಗಿ ಅತ್ತಳು. ಚಿಗವ್ವ ಅಷ್ಟಕ್ಕೇ ಬಿಡಲಿಲ್ಲ. ಸ್ವಲ್ಪ ತಡೆದು, ದನಿ ತಗ್ಗಿಸಿ, ಮುದುಕನ ಪರವಾಗಿ ತಾನೇ ಉತ್ತರ ಹೇಳಿದಳು: "ಹ್ಯಾಂಗ ಏಳ್ಲೇ ನಮ್ಮವ್ವಾ, ಕೈಕಾಲ ಕಟ್ಟ್ಯಾರ." ಸತ್ತವರ ಮಾತನ್ನೂ ಹೀಗೆ ತಾನೇ ಆಡುವುದು ಅವಳ ರೂಢಿ.

ಮನೆಯಲ್ಲಿ ಅವಳಷ್ಟು ನಗಿಸುವವರಿರಲಿಲ್ಲ. ಕಾಕಾ, ಅಂದರೆ ಅವಳ ಗಂಡ, ಮಾತು ಕಡಿಮೆಯ ಮನುಷ್ಯ. "ಮದಿವಿ ಆದಾಗಿಂದ ನಿಮ್ಮ ಕಾಕಾ ನನ್ನ ಕೂಡ ಆಡಿದ ಮಾತು ಕೂಡಿಸಿದ್ರ ಒಂದು ಚೀಲಾ ತುಂಬಾಂಗಿಲ್ಲ," ಎಂದು ಅವನ ಎದುರಿಗೇ ಅನ್ನುತ್ತಿದ್ದಳು. ಅವನು ಅದಕ್ಕೂ ಮೀಸೆಯಲ್ಲೇ ನಗುತ್ತಿದ್ದ. ಅವರಿಗೆ ಒಬ್ಬಳೇ ಮಗಳು. ನರಗುಂದದಲ್ಲಿ ನಮ್ಮ ಮನೆಯಲ್ಲೇ ಇದ್ದು ಕಾಲೇಜು ಮುಗಿಸಿದಳು, ರಜೆಯಲ್ಲಿ ಊರಿಗೆ ಹೋದರೆ ಅಪ್ಪನನ್ನು ಕೆಳಗಿಳಿಸಿ ತಾನೇ ಟ್ರ್ಯಾಕ್ಟರ್ ಹೊಡೆಯುತ್ತಿದ್ದಳು. ಉಳ್ಳಾಗಡ್ಡಿ ತುಂಬಿದ ಟ್ರೇಲರ್ ಎಳೆದುಕೊಂಡು ಅವಳು ಊರಬಾಗಿಲ ಅಗಸಿಯಲ್ಲಿ ಬಂದರೆ ಮುದುಕರು ಕಟ್ಟೆಯಿಂದ ಎದ್ದು ನೋಡುತ್ತಿದ್ದರು. ಕಾಕಾ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತು ಬರುತ್ತಿದ್ದ, ಆ ಮುಖದಲ್ಲಿ ಎಂಥ ಹೆಮ್ಮೆ.

ಕೊರೊನಾದ ಎರಡನೇ ವರ್ಷ ಆ ಹುಡುಗಿಗೆ ಜ್ವರ ಬಂತು. ದೊಡ್ಡ ಊರಿನ ದವಾಖಾನೆಗೆ ಒಯ್ದರು. ಹೋಗುವಾಗ ಕಾರಿನಲ್ಲಿ ಕೂತುಕೊಂಡೇ ಹೋದವಳು ತಿರುಗಿ ಬರಲಿಲ್ಲ. ಹೆಣವನ್ನು ಊರಿಗೆ ತರುವಂತಿರಲಿಲ್ಲ. ಪ್ಲಾಸ್ಟಿಕ್ ಸುತ್ತುವ ಮೊದಲು ಕಾಕಾನೊಬ್ಬನಿಗೆ ದೂರದಿಂದ ಮುಖ ತೋರಿಸಿ, ಅಲ್ಲೇ ಮಣ್ಣು ಮಾಡಿದರು. ಊರೂರಿಗೆ ಹೋಗಿ ಮಂದಿಗೆಲ್ಲ ಅತ್ತವಳಿಗೆ ತನ್ನ ಮಗಳಿಗೆ ಅಳುವ ಹೊತ್ತು ದಕ್ಕಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಆ ವರ್ಷ ಪೂರ್ತಿ ಚಿಗವ್ವ ಅಳಲಿಲ್ಲ. ರೊಟ್ಟಿ ಬಡಿದಳು, ದನಕ್ಕೆ ನೀರು ಕುಡಿಸಿದಳು. ಗಟ್ಟಿ ಹೆಣ್ಣುಮಗಳು ಎಂದು ಊರು ಹೊಗಳಿತು. ಮರುವರ್ಷ ಹೆಸರುಕಾಳಿನ ರಾಶಿ ಮುಗಿದ ಮೇಲೆ ಒಂದು ಸಂಜೆ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿರುವ ಕಡೆ ಹೋಗಿ ಕೂತು, ಸೆರಗು ಎಳೆದುಕೊಂಡು ದನಿ ತೆಗೆದಳು. ಅಂದಿನಿಂದ ದಿನವೂ. ಮಗಳನ್ನು ಕರೆಯುವಳು, ಏನೇನೋ ಹೇಳುವಳು, ಕಡೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುವಳು: "ಹೋಗೂ ಮುಂದ ನಿನ್ನ ಮುಖಾ ಹ್ಯಾಂಗಿತ್ತ ನನ್ನವ್ವಾ?" ಮಗಳ ಪರವಾಗಿ ಬೇರೆ ಎಲ್ಲದಕ್ಕೂ ತಾನೇ ಉತ್ತರ ಕೊಡುವವಳು ಇದೊಂದಕ್ಕೆ ಕೊಡುತ್ತಿರಲಿಲ್ಲ. ಅವಳಿಗದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವಳು ಯಾವತ್ತೂ ಹಾಡಿದವಳಲ್ಲ.

ನಮ್ಮಲ್ಲಿ ಹೆಣ ಎದುರಿಗಿರುವಾಗಲೇ ಹಾಡ್ಯಾಡಿ ಅಳಬೇಕು. ಬರಿದಾದ ಅಂಗಳದಲ್ಲಿ ಅತ್ತರೆ ಇನ್ನೊಂದು ಸಾವನ್ನು ಕರೆದಂತೆ ಎಂದು ಮಂದಿ ಅಂಜುತ್ತಾರೆ. ಬಾಜೂ ಮನೆಗೆ ಚೊಚ್ಚಲ ಬಸುರಿ ಮಗಳು ಬಂದಿದ್ದಳು. ಅವರು ಸಂಜೆಯಾದರೆ ಬಾಗಿಲು ಹಾಕತೊಡಗಿದರು, ಆಮೇಲೆ ಕಾಕಾನ ಹತ್ತಿರ ಬಂದು ಕೈಮುಗಿದು ಕೇಳಿಕೊಂಡರು. ಕಾಕಾ ಅವಳನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಅಲ್ಲಿ ನಡೆದದ್ದನ್ನು ಕಾಕಾನೇ ನಮಗೆ ಹೇಳಿದ. ಡಾಕ್ಟರು ದೂರದ ಸೀಮೆಯವರು, ಸಮಾಧಾನದ ಮನುಷ್ಯರೇ. ಸತ್ತ ಮಗಳ ಜೊತೆ ಮಾತಾಡುತ್ತಾರಾ ಎಂದು ಕೇಳಿದ್ದಾರೆ. ಹೌದ್ರಿ, ಅಂದಿದ್ದಾನೆ ಕಾಕಾ. ಮಗಳು ತಿರುಗಿ ಮಾತಾಡುತ್ತಾಳಾ? ಹೌದ್ರಿ, ಎರಡೂ ಕಡೀದು ಇಕಿನ ಆಡ್ತಾಳ್ರಿ. ಅವನು ಊರಿನ ರೂಢಿಯನ್ನು ಹೇಳಿದ, ಅವರು ರೋಗದ ಲಕ್ಷಣ ಎಂದು ಬರೆದುಕೊಂಡರು. ಚಿಗವ್ವನನ್ನೂ ಕೇಳಿದರಂತೆ, ಮಗಳ ದನಿ ನಿಮಗೆ ಕೇಳಿಸುತ್ತದೆಯೇ ಎಂದು.

"ಕೇಳ್ಸತೈತ್ರಿ. ನಿಮಗ ನಿಮ್ಮವರದು ಕೇಳ್ಸೂದಿಲ್ಲೇನ್ರಿ, ಪಾಪ?" ಅಂದಳಂತೆ ಇವಳು.

ಇಲ್ಲದ ದನಿ ಕೇಳುವ ಕಾಯಿಲೆ ಎಂದಾಯಿತು. ಗುಳಿಗೆ ಸುರುವಾದವು. ಮುಂದಿನ ಸಲ ನಾನು ಯಾವಗಲ್ಲಿಗೆ ಹೋದಾಗ ಚಿಗವ್ವ ಗೋಡೆಗೆ ಒರಗಿ ಕೂತಿದ್ದಳು. ಬಾಯಿಯ ಮೂಲೆಯಲ್ಲಿ ಜೊಲ್ಲು, ಕೈಗಳು ಸೆಟೆದಿದ್ದವು. ನನ್ನನ್ನು ಗುರುತಿಸಿದಳು, ಆದರೆ ಗುರುತು ಮುಖದ ಮೇಲೆ ಬರಲು ಭಾಳ ಹೊತ್ತು ಹಿಡಿಯಿತು. ಓಣಿಯ ಹೆಂಗಸರು ಅವಳಿಗೆ ಆರಾಮಾಯಿತು ಎಂದರು. ಆರಾಮಾದದ್ದು ಓಣಿಗೆ.

ನಾನು ಜಗಳ ತೆಗೆದು ಅವಳನ್ನು ಇನ್ನೊಬ್ಬ ಡಾಕ್ಟರರ ಹತ್ತಿರ ಕರೆದೊಯ್ದೆ. ಇವರು ಹೆಣ್ಣುಮಗಳು, ನಮ್ಮ ಸೀಮೆಯವರೇ. ಎಲ್ಲ ಕೇಳಿಸಿಕೊಂಡು, "ನಮ್ಮಜ್ಜಿ ಸತ್ತಾಗ ನಮ್ಮ ಅತ್ಯಾಗೋಳು ಹಿಂಗ ಹಾಡ್ಯಾಡಿ ಅತ್ತಿದ್ರು," ಅಂದರು. ಇದು ಆ ಕಾಯಿಲೆ ಅಲ್ಲ, ಒಳಗೇ ಕಟ್ಟಿಕೊಂಡ ದುಃಖ ಎಂದು ಹೇಳಿ ಗುಳಿಗೆಗಳನ್ನು ನಿಧಾನಕ್ಕೆ ಇಳಿಸುತ್ತ ಬಂದರು. ಹಾಗಾದರೆ ಮೊದಲಿನವರು ತಪ್ಪು ಮಾಡಿದರೇ ಎಂದು ನಾನು ಬಾಯಿ ಹಾಕಿದೆ. ಅವರು ಹೌದು ಎನ್ನಲಿ ಎಂಬ ಆಸೆ ನನಗೆ.

"ಸಕ್ರಿ ಬ್ಯಾನಿ ಆದ್ರ ರಕ್ತಾ ತಗದು ನೋಡಬಹುದ್ರಿ. ಇದನ್ನ ಕೇಳೇ ತಿಳಕೋಬೇಕು. ಅವರ ಜಾಗಾದಾಗ ನಾ ಇದ್ದು, ನಮ್ಮಜ್ಜಿ ಸತ್ತದ್ದು ನೋಡಿರದಿದ್ರ, ನಾನೂ ಅದನ್ನ ಬರೀತಿದ್ನೋ ಏನೋ," ಅಂದರು. ಆಮೇಲೆ ಪೆನ್ನು ಮುಚ್ಚುತ್ತ, "ಎಲ್ಲೀ ತನಕ ದುಃಖ, ಎಲ್ಲಿಂದ ರೋಗ ಅನ್ನೂದರಾಗ ನಮ್ಮವರೊಳಗ ಇನ್ನೂ ಜಗಳ ಐತ್ರಿ. ಕೆಲವರು ತಿಂಗಳಾ ಎಣಸ್ತಾರ. ನನಗ ಹಂಗ ಎಣಸಾಕ ಧೈರ್ಯ ಆಗೂದಿಲ್ಲ," ಅಂದರು.

ಗುಳಿಗೆ ಇಳಿದಂತೆ ಚಿಗವ್ವನ ಮುಖ ತಿರುಗಿ ಬಂತು. ನಾನು ಗೆದ್ದೆ ಅಂದುಕೊಂಡೆ. ಆದರೆ ಅವಳು ಉಣ್ಣುವುದನ್ನು ಬಿಟ್ಟಳು, ನಿದ್ದೆಯನ್ನೂ ಬಿಟ್ಟಳು. ತಾಟು ಮುಂದಿಟ್ಟರೆ ಯಾರದೋ ತಾಟು ಎನ್ನುವ ಹಾಗೆ ನೋಡುತ್ತಿದ್ದಳು. ಮೈ ಇಳಿದು ಬಳೆಗಳು ಮೊಣಕೈವರೆಗೆ ಏರಿದವು. ಬರೀ ದುಃಖವಾದರೆ ಹೀಗೆ ತಿನ್ನುತ್ತದೆಯೇ, ರೋಗವಾದರೆ ಇಷ್ಟು ಸರಿಯಾಗಿ ಮಗಳನ್ನು ನೆನೆಯುತ್ತದೆಯೇ? ಡಾಕ್ಟರು ಬೇರೆ ಗುಳಿಗೆ ಬರೆದರು, ಇದಕ್ಕೆ ಸಮಯ ಬೇಕು ಅಂದರು. ಅವಳನ್ನು ಒಮ್ಮೆ ನಾಲ್ಕು ಮಂದಿಯ ನಡುವೆ ಮನಸಾರೆ ಅಳಲು ಬಿಡಿ ಎಂದೂ ಹೇಳಿದರು.

ಯಾವಗಲ್ಲಿನ ಹೆಂಗಸರು ಒಪ್ಪಲಿಲ್ಲ. ಹೆಣವಿಲ್ಲದೆ ಕೂಡುವುದುಂಟೇ? ಹಾಗಾಗಿ ಚಿಗವ್ವನನ್ನು ನರಗುಂದಕ್ಕೆ ಕರೆತಂದು, ನಮ್ಮ ಮನೆಯಲ್ಲೇ ಒಂದು ಮಧ್ಯಾಹ್ನ ಅವ್ವ, ನಾನು, ಅವ್ವನ ಇಬ್ಬರು ಗೆಳತಿಯರು ಅವಳನ್ನು ನಡುವೆ ಕೂಡಿಸಿಕೊಂಡು ಕೂತೆವು. ಹುಡುಗಿ ಓದುತ್ತಿದ್ದ ಕೋಣೆಯದು. ಚಿಗವ್ವ ಅಂಗೈಯನ್ನು ನೆಲಕ್ಕೆ ಊರಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

"ಹ್ಯಾಂಗ ಅಳ್ಲಿ ಅಕ್ಕಾ? ಆಕೀ ಮುಖಾ ಹ್ಯಾಂಗಿತ್ತು ನನಗ ಗೊತ್ತಿಲ್ಲ. ನೋಡಿದವ್ರು ನಮ್ಮ ಮನಿಯವ್ರೊಬ್ಬರು, ಅವ್ರು ಹೇಳವಲ್ರು."

ಅಲ್ಲಿಯವರೆಗೆ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಅವಳು ಯಾರ ಜೊತೆ ಮಾತಾಡುತ್ತಾಳೆ ಎಂದು ಎಲ್ಲರೂ ವಿಚಾರಿಸಿದ್ದೆವು. ಏನು ಕೇಳುತ್ತಿದ್ದಾಳೆ ಎಂದು ವಿಚಾರಿಸಿರಲಿಲ್ಲ. ಆ ಸಂಜೆಯ ಬಸ್ಸಿಗೇ ನಾನು ಯಾವಗಲ್ಲಿಗೆ ಹೋದೆ. ಕಾಕಾ ದನದ ಮುಂದೆ ಮೇವು ಹಾಕುತ್ತಿದ್ದ.

"ಕಾಕಾ, ಆಕೀ ಮುಖಾ ಹ್ಯಾಂಗಿತ್ತಂತ ಒಮ್ಮಿ ಹೇಳಿಬಿಡು. ಚಿಗವ್ವಗ ಅಷ್ಟ ಬೇಕಾಗೈತಿ."

ಅವನು ಮೇವಿನ ಸಿವುಡು ಕೆಳಗಿಟ್ಟ. ಕೈಯ ಹೊಟ್ಟು ಜಾಡಿಸಿಕೊಂಡ.

"ಆಕಿ ಅತ್ರ ನನಗ ಮಗಳು ದಿನಾ ಸಾಯ್ತಾಳ. ಅದಕ್ಕ ದವಾಖಾನಿಗೆ ಒಯ್ದೆ ತಂಗಿ. ಓಣಿ ಮಂದಿ ಸಂಬಂಧ ಅಲ್ಲ," ಅಂದ. "ಹೇಳಂತಿ. ಹೇಳಬೇಕಂದ್ರ ನಾ ಮತ್ತ ನೋಡಬೇಕಲ್ಲಾ ಆ ಮುಖಾ." ಅಷ್ಟು ಹೇಳಿ ಹೊಲದ ಕಡೆ ನಡೆದುಬಿಟ್ಟ. ಅವನ ಮೇಲೆ ಸಿಟ್ಟು ಮಾಡಲೆಂದು ಹೋದವಳು ಅವನ ಬೆನ್ನು ನೋಡುತ್ತ ಅಂಗಳದಲ್ಲಿ ನಿಂತು ಅತ್ತೆ.

ಚಿಗವ್ವನನ್ನು ಅವನು ತಿರುಗಿ ಊರಿಗೆ ಕರೆದುಕೊಂಡು ಹೋದ. ಹೊಸ ಗುಳಿಗೆಯಿಂದ ಅವಳು ಅಷ್ಟಿಷ್ಟು ಉಣ್ಣುತ್ತಿದ್ದಳು, ಸಂಜೆ ಅಂಗಳಕ್ಕೆ ಹೋಗುವುದನ್ನು ತಾನಾಗಿಯೇ ಬಿಟ್ಟಿದ್ದಳು. ಫೋನಿನಲ್ಲಿ ಆರಾಮ ಅದೀನಿ ಅನ್ನುತ್ತಿದ್ದಳು. ಆ ಆರಾಮವನ್ನು ನಾನು ನಂಬಲಿಲ್ಲ, ನಂಬದೆ ಬೇರೆ ದಾರಿಯೂ ಕಾಣಲಿಲ್ಲ. ಬಿಳಿಜೋಳ ತೆನೆ ಹಿಡಿದಿದ್ದ ಚಳಿಯಲ್ಲಿ ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಎದೆಬಡಿತ ನಿಂತಿದೆ ಎಂದರು. ಉಣ್ಣದೆ ಸೋತ ಮೈಯೋ, ಗುಳಿಗೆಯೋ, ಮಗಳೋ, ಯಾವುದು ಎಂದು ಹೇಳಬಲ್ಲವರು ಯಾರೂ ಇಲ್ಲ. ಕೆಲ ಕಾಲ ನಾನು ಮೊದಲಿನ ಡಾಕ್ಟರನ್ನು ಬೈದುಕೊಂಡು ತಿರುಗಿದೆ. ಈಗ ಅದನ್ನೂ ಬಿಟ್ಟಿದ್ದೇನೆ. ಅವರವರು ತಮಗೆ ಕಂಡದ್ದಕ್ಕೆ ಔಷಧ ಕೊಟ್ಟರು, ಯಾರಿಗೂ ಅವಳು ಪೂರ್ತಿ ಕಾಣಲಿಲ್ಲ.

ಅವಳನ್ನು ನಮ್ಮ ರೂಢಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಕೊಣ್ಣೂರಿನಿಂದ, ಮುಶಿಗೇರಿಯಿಂದ, ಅವಳು ಹೋಗಿ ಅತ್ತಿದ್ದ ಮನೆಗಳ ಹೆಂಗಸರೆಲ್ಲ ಬಂದಿದ್ದರು. ಬಾಗಿಲು ಹಾಕಿಕೊಂಡಿದ್ದ ಬಾಜೂ ಮನೆಯವರೂ ಬಂದರು, ಬಗಲಲ್ಲಿ ಕೂಸು. ಅತ್ತರು, ಎದೆ ಬಡಿದುಕೊಂಡರು. ಆದರೆ ಯಾರೂ ಮಾತು ಕಟ್ಟಿ ಹಾಡಲಿಲ್ಲ. ಅವಳೆದುರು ಹಾಡಲು ಎಲ್ಲರಿಗೂ ನಾಚಿಕೆಯಿತ್ತು. ಅವ್ವ ಒಮ್ಮೆ ದನಿ ತೆಗೆದಳು, ಅದು ಅರ್ಧಕ್ಕೇ ಕಡಿದುಹೋಯಿತು.

ಆಗ ಕಟ್ಟೆಯ ಮೇಲೆ ಗಂಡಸರ ನಡುವೆ ಇದ್ದ ಕಾಕಾ ಎದ್ದು ಒಳಗೆ ಬಂದ. ಹೆಂಗಸರ ಸಾಲಿನಲ್ಲಿ ಗಂಡಸು ಬಂದು ಕೂಡುವ ರೂಢಿ ನಮ್ಮಲ್ಲಿ ಇಲ್ಲ. ಎಲ್ಲರೂ ಸರಿದರು. ಅವನು ಅವಳ ಮುಂದೆ ನೆಲದ ಮೇಲೆ ಕೂತ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ರಾಗವಿಲ್ಲದೆ, ಉಂಡು ಕೂತು ಹೆಂಡತಿಯ ಜೊತೆ ಮಾತಾಡುವವನ ಹಾಗೆ ಹೇಳತೊಡಗಿದ.

"ಮಲಗಿದಾಂಗ ಇತ್ತು ನೋಡು. ಕಣ್ಣ ಮುಚ್ಚಿದ್ವು. ಮೂಗಿನ ಮ್ಯಾಲ ಆ ನಳಿ ಹಾಕಿದ್ದು ಕೆಂಪಗ ಗೆರಿ ಮೂಡಿತ್ತು. ಕೂದಲಾ ಯಾರೋ ಪುಣ್ಯಾತಗಿತ್ತಿ ನರ್ಸು ಬಾಚಿ ಹಿಂದ ಸರಿಸಿದ್ಲು. ತುಟಿ ಒಣಗಿದ್ವು. ನೀರ ಹಚ್ಚಲೇನಂತ ಕೇಳಿದೆ, ಹತ್ರ ಬಿಡಲಿಲ್ಲ." ತೊಡೆಯ ಮೇಲಿನ ಟೋಪಿಯನ್ನು ಮಗುಚಿಟ್ಟ. "ಅಂಜಿದಾಂಗ ಇರಲಿಲ್ಲ ಆಕಿ. ಇಲ್ಲದ್ದು ಹೇಳವಲ್ಲೆ, ಖರೇನ ಅಂಜಿದಾಂಗ ಇರಲಿಲ್ಲ."

ಕಾಕಾ ಕೈಚಾಚಿ ಚಿಗವ್ವನ ಹಣೆಯ ಮೇಲಿನ ಸೆರಗನ್ನು ಸರಿಪಡಿಸಿದ.

"ಎಲ್ಲಾ ಹೇಳೀನಿ," ಅಂದ. "ಈಗ ಅಳು."