ದುಬೈಗೆ ಹೋಗದ ರುಚಿ

1991ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟವನು ನಾನು. ಕೋಣನಕುಂಟೆಯ ಚಟ್ನಿಪುಡಿ ಅಂಗಡಿಯನ್ನು ಮೈಮುರಿದು ದುಡಿದೇ ಕಟ್ಟಿದೆ. ಮೊನ್ನೆ ದುಬೈನ ವ್ಯಾಪಾರಿಯೊಬ್ಬರು ಬಂದು, ಪಾಲುದಾರಿಕೆಯಲ್ಲಿ ಅಲ್ಲೇ ಪುಡಿ ತಯಾರಿಸೋಣ ಎಂದು ಆಗಲೇ ಉತ್ತರ ಕೇಳಿದರು. ಹೆಂಡತಿ ಪುಡಿಯನ್ನು ಬಿಸಿ ಅನ್ನಕ್ಕೆ ಕಲಸಿ ತಿಂದು ‘ಹೂಂ’ ಅನ್ನದೆ ನಮ್ಮಲ್ಲಿ ಒಂದು ಪೊಟ್ಟಣವೂ ಹೊರಗೆ ಹೋಗುವುದಿಲ್ಲ.

“ಅಲ್ಲಿ ರುಚಿ ನೋಡೋರು ಯಾರು ಸಾರ್?” ಎಂದೆ.

“ಅದಕ್ಕೆಲ್ಲ ಮಷಿನ್ ಇದೆ ಅಣ್ಣ.”

ಒಳಗಿನಿಂದ ಹೆಂಡತಿ, “ಹಂಗಾದ್ರೆ ಊಟಕ್ಕೂ ಮಷಿನ್ನನ್ನೇ ಕೂರಿಸ್ಕೊಳ್ಳಿ!” ಎಂದಳು.

ಅವರು ನಗಲಿಲ್ಲ. ಪುಡಿ ಇಲ್ಲಿಂದಲೇ ಕಳಿಸುತ್ತೇನೆ, ಅಲ್ಲಿ ತಯಾರಿಕೆ ಬೇಡ ಎಂದುಬಿಟ್ಟೆ. “ಯೋಚ್ನೆ ಮಾಡಿ ಹೇಳ್ತೀನಿ” ಎಂದು ಹೋದವರು ಇನ್ನೂ ಫೋನ್ ಮಾಡಿಲ್ಲ.

ಪ್ರತಿ ರಿಂಗಿಗೂ ಬೆಚ್ಚುತ್ತೇನೆ. ಈಗ ನನಗಿರುವುದು ಒಂದು ಅಂಗಡಿ, ಎರಡು ಬಾಣಲೆ, ನಾಲ್ಕು ಜನ ಕೆಲಸದವರು, ಹೆಂಡತಿಯ ಒಂದು ನಾಲಿಗೆ.