ಸಿಸ್ಟರ್ ಹಾಕದ ಸಹಿ

ಸಿಸ್ಟರ್ ತಮ್ಮ ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ವಾರ್ಡಿಗೆ ಬಂದವರೇ ನಮ್ಮ ಆರು ಹುಡುಗಿಯರ ಕೈ ನೋಡಿ, ಉಗುರು ಚೂರು ಬೆಳೆದಿದ್ದರೂ ಹೊರಗೆ ಕಳಿಸುತ್ತಿದ್ದರು. "ವಯಸ್ಸಾದೋರ ಚರ್ಮ ಈರುಳ್ಳಿ ಸಿಪ್ಪೆ ಇದ್ದಂಗೆ ಕಣ್ರೇ. ನಿಮ್ ಚಂದಕ್ಕೆ ಅವ್ರು ಗಾಯ ಮಾಡ್ಕಬೇಕಾ?"

ಬಾಳ್ಳುಪೇಟೆ ಬಳಿ ಹಾಸಿಗೆ ಹಿಡಿದ ವೃದ್ಧರಿಗೆಂದೇ ಇದ್ದ ಸಣ್ಣ ಆಸ್ಪತ್ರೆ ಅದು. ತೊಂಬತ್ತರ ದಶಕದ ಕೊನೆ. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾಗಿದ್ದ ಸಿಸ್ಟರ್ ನಮಗೆ ಆರು ತಿಂಗಳ ಆರೈಕೆ ತರಬೇತಿ ಕೊಡುತ್ತಿದ್ದರು. ಹೆತ್ತೂರಿನಿಂದ ಬಂದ ನನಗೆ ಆಗ ಹತ್ತೊಂಬತ್ತು. ಉಣ್ಣಿಸುವುದು, ಮೈ ಒರೆಸುವುದು, ಇದರಲ್ಲಿ ಕಲಿಯಲು ಏನಿದೆ ಎಂದುಕೊಂಡಿದ್ದೆ.

ಹಿಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಒಬ್ಬ ಅಜ್ಜ ವಾರ್ಡಿನಲ್ಲಿದ್ದರು. ಲಕ್ವ ಹೊಡೆದು ಮಾತು ನಿಂತಿತ್ತು. ಎಡಗೈ ಮಾತ್ರ ಆಡುತ್ತಿತ್ತು. ಒಂದು ದಿನ ಮೂತ್ರದ ಪೈಪನ್ನು ಎಳೆಯುತ್ತಲೇ ಇದ್ದರು. ನಾಲ್ಕು ಸಲ ಕೈ ಸರಿಸಿ ಬೇಸತ್ತು, ಬ್ಯಾಂಡೇಜ್ ಬಟ್ಟೆಯಿಂದ ಆ ಕೈಯನ್ನು ಮಂಚಕ್ಕೆ ಕಟ್ಟಿ ಊಟಕ್ಕೆ ಹೋದೆ.

ಬರುವಷ್ಟರಲ್ಲಿ ಸಿಸ್ಟರ್ ಕಟ್ಟು ಬಿಚ್ಚಿ ಪೈಪು ಬದಲಿಸಿದ್ದರು. "ಆ ಮಂಚದ ಮೇಲೆ ಮಲಕ್ಕೊ," ಎಂದರು. ಮಲಗಿದೆ. ಅದೇ ಬಟ್ಟೆಯಿಂದ ನನ್ನ ಎರಡೂ ಕೈ ಕಟ್ಟಿದರು. ಮೂಗಿನ ಮೇಲೆ ನೊಣ ಕೂತಿತು. ತಲೆ ಕೊಡವಿದೆ, ತುಟಿಗೆ ಬಂತು.

"ಬಿಚ್ಚಿ ಸಿಸ್ಟರ್," ಎಂದೆ, ಸಿಟ್ಟಿನಿಂದ.

"ಬಿಚ್ಚಿ ಅನ್ನಕ್ಕೆ ನಿಂಗೆ ಬಾಯೈತೆ. ಪೈಪು ಕಟ್ಕೊಂಡು ಉಚ್ಚೆ ನಿಂತು ಅವ್ರ ಹೊಟ್ಟೆ ಕಲ್ಲಾಗಿತ್ತು. ಅದ್ನ ಕೈಲಿ ಹೇಳ್ತಿದ್ರು ಕಣೆ. ನೀನು ಆ ಕೈನೇ ಕಟ್ಬುಟ್ಟೆ."

ಪಕ್ಕದ ಮಂಚದಿಂದ ಅಜ್ಜ ಎಡಗೈ ಎತ್ತಿ, ಹುಡುಗಿಯನ್ನು ಬಿಟ್ಟುಬಿಡು ಎಂಬಂತೆ ಸನ್ನೆ ಮಾಡಿದರು. ಆಗ ನನಗೆ ಅಳು ಬಂತು.

ತರಬೇತಿ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದೆ. ನಮ್ಮ ನಂತರದ ತಂಡಕ್ಕೆ ಆಸ್ಪತ್ರೆಯ ಕಾರ್ಯದರ್ಶಿ ತರಬೇತಿಯನ್ನು ಹತ್ತೇ ದಿನಕ್ಕೆ ಇಳಿಸಿದರು. ಹನ್ನೊಂದನೆಯ ದಿನ ಸಮಾರಂಭ, ಹಾರ, ಫೋಟೋ. ಸಿಸ್ಟರ್ ಮುಂದೆ ಪ್ರಮಾಣಪತ್ರಗಳ ಕಟ್ಟು ತಂದಿಟ್ಟರು.

"ಇವ್ರಿಗಿನ್ನೂ ಮಗ್ಗುಲು ತಿರುಗಿಸಕ್ಕೆ ಬರಲ್ಲ. ನಾಳೆ ಯಾರ್ದಾದ್ರೂ ಬೆನ್ನು ಕೊಳೆತ್ರೆ ಈ ಕಾಗ್ದ ಹಾಸ್ತೀರಾ? ನಾನು ಸೈನ್ ಹಾಕಲ್ಲ," ಎಂದರು.

ಮರುದಿನದಿಂದ ಬರಬೇಡಿ ಎಂದು ಅವರಿಗೆ ಹೇಳಿ, ಕಾರ್ಯದರ್ಶಿಯೇ ಸಹಿ ಹಾಕಿದರು.

ಆ ಮಳೆಗಾಲದಲ್ಲೇ ಬೆಳಗೋಡಿನ ಅಜ್ಜಿಯೊಬ್ಬರ ಸೊಂಟದ ಹುಣ್ಣು ಮೂಳೆಯವರೆಗೆ ಇಳಿಯಿತು. ನನ್ನ ಪಾಳಿಯಲ್ಲಿ ಎರಡು ಗಂಟೆಗೊಮ್ಮೆ ತಿರುಗಿಸುತ್ತಿದ್ದೆ. ಹತ್ತು ದಿನ ಕಲಿತವರಿದ್ದ ಉಳಿದ ಪಾಳಿಗಳಲ್ಲಿ ಅವರು ಬಿದ್ದಲ್ಲೇ ಬಿದ್ದಿರುತ್ತಿದ್ದರು. ಕಾರ್ಯದರ್ಶಿಗೆ ಮೂರು ಸಲ ಹೇಳಿದೆ. ಅಜ್ಜಿ ಸತ್ತರು. ಸಾವಿನ ಕಾರಣ ವಯೋಸಹಜ ಎಂದು ಬರೆದರು. ಆ ಪದ ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಎರಡು ವರ್ಷದ ಮೇಲೆ ಸಿಸ್ಟರ್ ಆಲೂರಿನ ತಂಗಿಯ ಮನೆಯಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. "ಎಷ್ಟು ಕೇಳಿಕೊಂಡರೂ ಅವರು ಉಳಿಯಲಿಲ್ಲ, ವಯಸ್ಸಾಯಿತು ಎಂದು ತಾವಾಗಿಯೇ ಬಿಟ್ಟರು," ಎಂದರು ಕಾರ್ಯದರ್ಶಿ.

ನಾನು ಎದ್ದು ನಿಂತೆ. "ಸುಳ್ಳು ಸಾರ್. ಸೈನ್ ಹಾಕ್ಲಿಲ್ಲ ಅಂತ ನೀವೇ ಕಳ್ಸಿದ್ದು. ಬೆಳಗೋಡಿನ ಅಜ್ಜಿ ವಯಸ್ಸಾಗಿ ಸಾಯ್ಲಿಲ್ಲ, ಹುಣ್ಣಾಗಿ ಸತ್ರು."

"ಕೂತ್ಕೊ," ಎಂದರು. ಕೂರಲಿಲ್ಲ.

ಮರುದಿನ ಕ್ಷಮಾಪಣೆ ಬರೆದುಕೊಡಲು ಹೇಳಿದರು. ಅಜ್ಜಿಯ ಹುಣ್ಣು ಯಾವಾಗ ಕಾಣಿಸಿತು, ಯಾರಿಗೆ ಎಷ್ಟು ಸಲ ಹೇಳಿದೆ, ಯಾರು ಏನೂ ಮಾಡಲಿಲ್ಲ ಎಂಬುದನ್ನೆಲ್ಲ ಬರೆದು ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಹೊರಗೆ ಬಂದೆ.

ಅಂದಿನಿಂದ ಆಲೂರು, ಸಕಲೇಶಪುರದ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೇನೆ. ಇದುವರೆಗೆ ನನ್ನ ಕೈಯಲ್ಲಿ ಯಾರ ಬೆನ್ನೂ ಹುಣ್ಣಾಗಿಲ್ಲ. ಅದು ಸಿಸ್ಟರ್ ಕೊಟ್ಟದ್ದು. ಈ ಸಿಟ್ಟೂ ಅವರು ಕೊಟ್ಟದ್ದೇ.